ಬಂದವರಿಗೆ ಬೆಲ್ಲ ನೀರು

“ಯವ್ವಾ, ಚಂದ್ರಾಮಪ್ಪ ಕಾಕಾಗ ಕೊಡ್ಲಿಲೆ ಹೊಡೆದಾಂವ ನಾನೇ ಏನು?”

ತೊಗರಿ ಹಸನು ಮಾಡುತ್ತಿದ್ದ ಸುಭದ್ರಾಬಾಯಿಯ ಕೈ ಮೊರದಲ್ಲೇ ನಿಂತಿತು. ಮೂರು ವರ್ಷದಿಂದ ಗೋಡೆಯ ಜೊತೆ ಮಾತಾಡುತ್ತಿದ್ದ ಮಗ ದೌಲತರಾಯ ಇವತ್ತು ಅವಳ ಮುಖ ನೋಡಿ ಕೇಳಿದ್ದ. ಇಂಥ ಒಂದು ಮಾತಿಗಾಗಿ ಅವಳು ಘತ್ತರಗಿ ಭಾಗ್ಯವಂತಿ ದೇವಿಗೆ ಎಷ್ಟು ಸಲ ನೆಲಕ್ಕೆ ಮೈಚಾಚಿ ದೀಡ ನಮಸ್ಕಾರ ಹಾಕಿದ್ದಳೋ! ಈಗ ಮಾತು ಬಂತು, ಅವಳು ಮೊರ ಬಿಟ್ಟೆದ್ದು ಬಾಗಿಲಿಂದ ಹೊರಗೆ ಇಣುಕಿದಳು.

ಕೋರ್ಟಿನ ನ್ಯಾಯವೇ ಅಂಥದ್ದು. ತಲೆ ಸರಿಯಿಲ್ಲದವನ ಮೇಲೆ ಖೂನಿ ಖಟ್ಲೆ ನಡೆಸುವಂತಿಲ್ಲವೆಂದು ಜಡ್ಜಸಾಹೇಬರು ಅವನನ್ನು ತಾಯಿಯ ಜಾಮೀನಿನ ಮೇಲೆ ಮನೆಗೆ ಕಳಿಸಿದ್ದರು. ಬುದ್ಧಿ ನೆಟ್ಟಗಾದ ದಿನ ಖಟ್ಲೆ ಮತ್ತೆ ಶುರು. ಅದನ್ನು ನೋಡಿ ಬರೆದುಕೊಳ್ಳಲು ಪೊಲೀಸ್ ಜಮಾದಾರ ಲಾಡ್ಲೆಸಾಬ ತಿಂಗಳಿಗೊಮ್ಮೆ ಆಳಂದದಿಂದ ಸೈಕಲ್ ತುಳಿದು ಈ ಮಟಕಿ ಊರಿಗೆ ಬರುತ್ತಿದ್ದ. ಇವತ್ತೂ ಸೈಕಲ್ಲು ಊರ ಅಗಸಿ ಬಾಗಿಲು ದಾಟಿ ಬರುತ್ತಿರುವುದು ಕಾಣಿಸಿತು.

“ನನ್ನಪ್ಪಾ, ಅವ್ರು ಏನ್ ಕೇಳಿದ್ರೂ ಬಾಯಿ ಬಿಡಬ್ಯಾಡ. ನಿನ್ನ ಗಲ್ಲಿಗೆ ಹಾಕ್ತಾರ,” ಎಂದು ಮಗನ ಗದ್ದ ಹಿಡಿದು ಬೇಡಿಕೊಂಡಳು. ಅವನು ತಿಳಿದವನ ಹಾಗೆ ತಲೆಯಾಡಿಸಿದ. ಅದನ್ನು ಕಂಡು ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು.

ಲಾಡ್ಲೆಸಾಬ ಕಟ್ಟೆ ಮೇಲೆ ಕೂತು ಬೆವರೊರೆಸಿಕೊಂಡ. “ನಿನ್ನ ಹೆಸರೇನಪಾ?” “ಇಕಿ ಯಾರು?” “ಇವತ್ತ ಯಾವ ವಾರ?” ದೌಲತರಾಯ ಗೋಡೆ ನೋಡುತ್ತ ಕೂತಿದ್ದ.

“ಹಂಗೇ ಇದ್ದಾನ್ರಿ ಸಾಹೇಬ್ರ,” ಎಂದಳು ಸುಭದ್ರಾಬಾಯಿ.

ಲಾಡ್ಲೆಸಾಬ ಪುಸ್ತಕದಲ್ಲಿ ‘ಗುಣವಿಲ್ಲ’ ಎಂದು ಬರೆದು ಪೆನ್ನು ಜೇಬಿಗೆ ಸಿಕ್ಕಿಸಿದ. “ಏನ್ ಬಿಸಲವ್ವ ಇದು! ಗಂಟ್ಲ ಒಣಗ್ಯದ ನೋಡು.”

ಹೋದ ಜೀವ ಬಂದಂತಾಗಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ದೌಲತರಾಯ ಎದ್ದು ಒಳಗೆ ಹೋಗಿ ಬಂದಿದ್ದ. ಒಂದು ಕೈಯಲ್ಲಿ ತುಂಬಿದ ತಂಬಿಗೆ, ಇನ್ನೊಂದರಲ್ಲಿ ಬೆಲ್ಲದ ತಾಟು. ಮನೆಗೆ ಬಂದವರಿಗೆ ಹೀಗೇ ಕೊಡಬೇಕೆಂದು ಚಿಕ್ಕಂದಿನಲ್ಲಿ ಕಲಿಸಿದವಳು ಅವಳೇ.

“ತಗೋರಿ. ಬಿಸಲಾಗ ಬಂದೀರಿ, ಮೊದಲ ಬೆಲ್ಲ ಬಾಯಾಗ ಹಾಕ್ಕೋರಿ.”

ಲಾಡ್ಲೆಸಾಬ ಬೆಲ್ಲ ತಿಂದ. ತಂಬಿಗೆ ಖಾಲಿ ಮಾಡಿದ. ಮೀಸೆ ಒರೆಸಿಕೊಂಡು ಸುಭದ್ರಾಬಾಯಿಯ ಕಡೆ ತಿರುಗಿದ.

“ಮಗನ್ನ ಛಲೋ ಬೆಳಸೀದಿ ಯವ್ವಾ,” ಎಂದು ಜೇಬಿನಿಂದ ಮತ್ತೆ ಪೆನ್ನು ತೆಗೆದ.