ಮೊದಲು ಡಾಕ್ಟರಮ್ಮನ ಬಾಯಿ

ಮೌನೇಶ ಬಾಯಿಗೆ ಬೀಗ ಜಡಿದು, ಕೀಲಿಕೈ ನುಂಗಿ ನಿಂತವನಂತೆ ನಿಂತಿದ್ದ. ಎದುರಿಗೆ ಹಲ್ಲು ಕೀಳುವ ಕುರ್ಚಿ.

ನಾರಾಯಣಖೇಡದ ದವಾಖಾನೆಯಲ್ಲಿ ಆವತ್ತು ಹಲ್ಲಿನ ಡಾಕ್ಟರುಗಳಿಗೇ ತರಬೇತಿ. ಡೌನ್ ಸಿಂಡ್ರೋಮ್ ಇರುವ ಮೌನೇಶನಂಥವರಿಗೆ ಹೆದರಿಸದೆ, ಕೈಕಾಲು ಹಿಡಿಯದೆ ಚಿಕಿತ್ಸೆ ಮಾಡುವುದು ಹೇಗೆ ಅಂತ. ಸರದಿ ಜಹೀರಾಬಾದಿನ ಪ್ರೇಮಲಾಳದು. ಮೊದಲು ಹೇಳು, ಆಮೇಲೆ ತೋರಿಸು, ಕೊನೆಗೆ ಮಾಡು ಎಂದು ದೇವಿದಾಸ ಸರ್ ಕಲಿಸಿದ್ದರು. ಹೇಳಿದಳು. ಪುಟ್ಟ ಕನ್ನಡಿ ತೋರಿಸಿದಳು. ನಮ್ಮ ಹೀರೋ ಮೌನೇಶ ಮುಖ ತಿರುಗಿಸಿ ಫ್ಯಾನು ನೋಡಿದ.

"ದವಡಿ ಹಲ್ಲ ಕೊಳತದರಿ. ರೊಟ್ಟಿ ಬಿಟ್ಟು ಬರೇ ಗಂಜಿ ಕುಡದು ಸೊರಗ್ಯಾನ," ಎಂದಳು ತಾಯಿ ಲಕ್ಷ್ಮಿಬಾಯಿ.

"ಇವತ್ತ ಆಗಲಿಲ್ಲಂದ್ರ ಹೈದ್ರಾಬಾದಿಗಿ ಒಯ್ಯಬೇಕಾಗ್ತದ ನೋಡಮ್ಮ. ಅಲ್ಲಿ ಪೂರಾ ಮತ್ತು ಬರಿಸಿ ಕೀಳ್ತಾರ," ಎಂದರು ದೇವಿದಾಸ ಸರ್. ಲಕ್ಷ್ಮಿಬಾಯಿ ಮಗನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಪ್ರೇಮಲಾ ಕನ್ನಡಿ ಕೆಳಗಿಟ್ಟಳು. "ಅಣ್ಣಾರು ಮನಿಯಾಗ ಏನ್ ಮಾಡ್ತಾರ್ರಿ?"

"ಕುರಿ ಕಾಯ್ತಾನ. ಸಂತ್ಯಾಗ ಇವ ಹಲ್ಲ ನೋಡಿ ವಯಸ್ಸ ಹೇಳ್ದ ಮ್ಯಾಲೇ ನಾವು ಕುರಿ ತಗೊಳ್ಳೋದು."

ಪ್ರೇಮಲಾ ಮಾಸ್ಕ್ ಕಿತ್ತಳು. ಒಂದೇ ನೆಗೆತಕ್ಕೆ ತಾನೇ ಕುರ್ಚಿ ಏರಿ ಮಲಗಿದಳು. "ಬಾ ಅಣ್ಣಾ. ಮೊದಲ ನೀ ನಂದು ನೋಡು."

"ಏ ಪ್ರೇಮಲಾ, ಇದು ಪಾಠದಾಗ ಇಲ್ಲಲ್ಲ," ಎಂದರು ಸರ್. ಅವಳ ಬಾಯಿ ಆಗಲೇ ಅಗಲವಾಗಿ ತೆರೆದಿತ್ತು. ಕೊನೆಗೆ ಸರ್ ತಾವೇ ಮೌನೇಶನ ಕೈಗೆ ಗ್ಲೌಸ್ ತೊಡಿಸಿದರು.

ಈಗ ನೋಡಿ, ಹೀರೋ ಎಂಟ್ರಿ. ಎಡಗೈ ಗದ್ದದ ಕೆಳಗೆ, ಬಲಗೈ ಹೆಬ್ಬೆರಳು ತುಟಿಯ ಮೇಲೆ. ಕೆಳಸಾಲು ನೋಡಿದ, ತಲೆದೂಗಿದ. ತುಟಿ ಎತ್ತಿ ಮೇಲುಸಾಲು ನೋಡಿದ. ಕುರಿಗೆ ಮೇಲುಸಾಲಿನ ಮುಂದಿನ ಹಲ್ಲು ಇರುವುದಿಲ್ಲವಲ್ಲ. "ಅವ್ವಾ, ಇದಕ್ಕ ಮ್ಯಾಲೂ ಹಲ್ಲ ಅವ," ಎಂದು ಗಂಭೀರವಾಗಿ ವರದಿ ಕೊಟ್ಟ. ಕೋಣೆಯಲ್ಲಿದ್ದ ಡಾಕ್ಟರುಗಳೆಲ್ಲ ಬಿದ್ದುಬಿದ್ದು ನಕ್ಕರು. ಅವನೊಬ್ಬ ನಗಲಿಲ್ಲ. ಪ್ರೇಮಲಾಳ ಬೆನ್ನು ತಟ್ಟಿ ಕೆಳಗಿಳಿಸಿದ, ತಾನು ಹತ್ತಿ ಕೂತ, ಬಾಯಿ ತೆರೆದ.

ಕೊಳೆತ ಹಲ್ಲು ಕಿತ್ತು ಬಂತು. "ಹತ್ತಿ ಕಚ್ಚಿ ಹಿಡಿ ಅಣ್ಣಾ, ಮಾತಾಡಬ್ಯಾಡ," ಎಂದಳು ಪ್ರೇಮಲಾ.

ಮೌನೇಶ ಹತ್ತಿ ಕಚ್ಚಿದ. ಹೆಗಲ ಮೇಲಿನ ಟವೆಲ್ ತೆಗೆದು ಅವಳ ಕೈ ಮೇಲೆ ಹಾಸಿದ. ಅದರಡಿ ಕೈ ತೂರಿಸಿ ಅವಳ ಎರಡು ಬೆರಳು ಹಿಡಿದು ಒತ್ತಿದ.

ಲಕ್ಷ್ಮಿಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಯ್ಯ, ನಿಮಗ ಬೆಲಿ ಕಟ್ಟಾಕತ್ತಾನ್ರಿ ಡಾಕ್ಟ್ರಬಾಯಿ. ನಮ್ಮ ಸಂತ್ಯಾಗ ಬೆಲಿ ಬಾಯಿಲೆ ಹೇಳಂಗಿಲ್ಲ, ಹಿಂಗೇ ಟವೆಲ್ ಅಡಿ ಬೆರಳ ಹಿಡದು ಹೇಳೋದು."

ಪ್ರೇಮಲಾ ಒಲ್ಲೆ ಎಂದು ತಲೆಯಾಡಿಸಿದಳು. ಟವೆಲ್ ಅಡಿಯಲ್ಲೇ ಒಂದು ಬೆರಳು ಹೆಚ್ಚಿಸಿ, ಅವನ ಮೂರು ಬೆರಳು ಹಿಡಿದು ಒತ್ತಿದಳು. ಮೌನೇಶ ಕಣ್ಣು ಕಿರಿದು ಮಾಡಿ ಯೋಚಿಸಿದ. ಆಮೇಲೆ ಹೂಂ ಎಂದ.

"ಎಷ್ಟಕ್ಕ ಮುಗೀತಮ್ಮ ಯವ್ವಾರ?" ಎಂದು ದೇವಿದಾಸ ಸರ್ ಕುತ್ತಿಗೆ ಚಾಚಿದರು.

"ಟವೆಲ್ ಒಳಗಿನ ಮಾತರಿ ಸರ್," ಎಂದಳು ಪ್ರೇಮಲಾ. "ಹೊರಗ ಹೇಳಂಗಿಲ್ಲ."