ಲೇಸ್ ಬಿಚ್ಚುವ ಜಾಗ

“ಸುಬೇದಾರ್ ರೇವಣಸಿದ್ದಪ್ಪ, ರಿಟೈರ್ಡ್. ಫಿಟ್, ಸಾಬ್!” ಎಂದರು ರೋಗಿ.

ಪರೀಕ್ಷೆ ಶುರುವಾಗಿ ಮೂರು ನಿಮಿಷವಾಗಿತ್ತು. ಅವರು ಹೇಳಬೇಕಾಗಿದ್ದ ಮಾತೇ ಬೇರೆ: ಮೂರು ದಿನದಿಂದ ಹೊಟ್ಟೆನೋವು, ಬಲಗಡೆ, ಕರಿದದ್ದು ತಿಂದರೆ ಹೆಚ್ಚು. ಸೊಸೆ ಸಾಕ್ಷಿ ಬೆಳಿಗ್ಗೆ ಖಾಲಿದಿಯಾ ಬಡಾವಣೆಯ ಮನೆಯಲ್ಲಿ ತಿಂಡಿ ಬಡಿಸುತ್ತ ನಾಲ್ಕು ಸಲ ಬಾಯಿಪಾಠ ಮಾಡಿಸಿದ್ದಳು. ಅಬುಧಾಬಿಯ ಒಂದು ಮೆಡಿಕಲ್ ಕಾಲೇಜಿನಲ್ಲಿ ಆಕೆ ಪರೀಕ್ಷಕಿ. ರೋಗಿಯ ಪಾತ್ರ ಮಾಡಲು ಗೊತ್ತುಮಾಡಿದ್ದ ಆಗಸ್ಟಿನ್ ನಿಜವಾಗಿಯೇ ಜ್ವರ ಬಂದು ಮಲಗಿಬಿಟ್ಟದ್ದರಿಂದ, ಚಳಿಗಾಲ ಕಳೆಯಲು ಊರಿನಿಂದ ಬಂದಿದ್ದ ಮಾವನನ್ನೇ ಕರೆತಂದು ಮಂಚದ ಮೇಲೆ ಮಲಗಿಸಿದ್ದಳು.

ಮಂಚದ ಪಕ್ಕ ನಿಂತಿದ್ದ ವಿದ್ಯಾರ್ಥಿ ಸೈಫ್‌ಗೆ ಇದು ಕೊನೆಯ ಅವಕಾಶ. ತರಗತಿಯವರೆಲ್ಲ ಈ ಪರೀಕ್ಷೆ ಮುಗಿಸಿದ ವಾರ ಅವನು ಮರುಭೂಮಿಯ ಸೇನಾ ಶಿಬಿರದಲ್ಲಿದ್ದ. ಮೀಸಲು ಪಡೆಯವನಿಗೆ ಕರೆ ಬಂದರೆ ಹೋಗಲೇಬೇಕು. ಮೂತ್ರಪಿಂಡದ ಪಾಠ ಅರ್ಧಕ್ಕೆ ನಿಂತಿದೆ ಎಂದರೆ ಹವಾಲ್ದಾರ ಕೇಳುವುದಿಲ್ಲ. ಕಾಲೇಜು ಒಂದೇ ಒಂದು ಬದಲಿ ದಿನ ಕೊಟ್ಟಿತ್ತು. ಇವತ್ತು ಫೇಲಾದರೆ ವರ್ಷ ಹೋಯಿತು. ಹನ್ನೆರಡಕ್ಕೆ ಶಿಬಿರ ಬಿಟ್ಟವನು ಎರಡಕ್ಕೆ ಇಲ್ಲಿ ಹಾಜರಾಗಿದ್ದ. ಕಾರಿನಲ್ಲಿ ಬಿಳಿ ಕೋಟು ಇತ್ತು, ಬೇರೆ ಶೂ ಇರಲಿಲ್ಲ. ಹಾಗಾಗಿ ಕೋಟಿನ ಕೆಳಗೆ ಮರಳುಬಣ್ಣದ ಮಿಲಿಟರಿ ಬೂಟು. ಬ್ಯಾಗ್ ತೆರೆದಾಗ ಸ್ಟೆತಸ್ಕೋಪಿಗಿಂತ ಮೊದಲು ಒಂದು ಹಿಡಿ ಮರಳು ಹೊರಬಿದ್ದಿತ್ತು.

ಎಡವಟ್ಟಾದದ್ದು ಆ ಬೂಟಿನಿಂದಲೇ. ಮೇಲೆ ಬಿಳಿ ಕೋಟು, ಕೆಳಗೆ ಬೂಟು: ಭಾರತದ ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಕಳೆದ ರೇವಣಸಿದ್ದಪ್ಪನವರಿಗೆ ಗೊತ್ತಿದ್ದಂತೆ ಅಂಥವನು ಜಗತ್ತಿನಲ್ಲಿ ಒಬ್ಬನೇ, ಪಲ್ಟನ್ನಿನ ಡಾಕ್ಟರ್ ಸಾಹೇಬ. ಅವನ ಮುಂದೆ ‘ನೋವು’ ಎಂದವನ ದರ್ಜೆ ಇಳಿಯುತ್ತದೆ, ಬಡ್ತಿ ನಿಲ್ಲುತ್ತದೆ. ಪೆನ್ಷನ್ ಶುರುವಾಗಿ ಇಪ್ಪತ್ತು ವರ್ಷವಾಗಿದ್ದರೂ ದೇಹಕ್ಕೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಅವರು ಮಲಗಿದಲ್ಲೇ ಕವಾಯತಿನ ‘ಸಾವಧಾನ್’ ಭಂಗಿಯಲ್ಲಿ ಸೆಟೆದಿದ್ದರು.

“ಹೊಟ್ಟೆಯಲ್ಲಿ ಏನಾದರೂ ತೊಂದರೆ?” ಸೈಫ್ ತನ್ನ ಮನೆಯ ಅಡುಗೆಯವನಿಂದ ಕಲಿತ ಹಿಂದಿಯಲ್ಲಿ ಕೇಳಿದ.

“ಕಲ್ಲು ತಿಂದರೂ ಕರಗುತ್ತೆ, ಸಾಬ್.”

ಪರೀಕ್ಷಕರು ಬಾಯಿ ಹಾಕುವಂತಿಲ್ಲ. ಸಾಕ್ಷಿ ಜೋರಾಗಿ ಕೆಮ್ಮಿದಳು.

ಮಾವ ತಲೆ ಹೊರಳಿಸಿದರು. “ಯವ್ವಾ, ಕೆಮ್ಮು ಭಾಳ ಆಗೇದಲ್ಲ. ನೀನ ಮೊದಲ ತೋರಿಸ್ಕೊ.”

“ಮಾವಾರ, ಹೊಟ್ಟಿನೋವು!” ನಿಯಮ ಮರೆತು ಆಕೆ ಹಲ್ಲುಕಚ್ಚಿ ಪಿಸುಗುಟ್ಟಿದಳು. “ಮುಂಜಾನೆ ಹೇಳೀನಿಲ್ಲ?”

“ಸುಮ್ಮನಿರವಾ. ಬೂಟ್ ನೋಡೀಯಿಲ್ಲೋ?”

ಕನ್ನಡ ಬಾರದ ಸೈಫ್‌ಗೆ ಆ ಒಂದು ಪದ ಮಾತ್ರ ತಿಳಿಯಿತು. ಅವನು ತನ್ನ ಕಾಲು ನೋಡಿಕೊಂಡ. ಮಂಚದ ಮೇಲೆ ಜೋಡಿಸಿಟ್ಟಂತಿದ್ದ ಎರಡು ಹಿಮ್ಮಡಿಗಳನ್ನು ನೋಡಿದ. ಹದಿನಾಲ್ಕು ದಿನ ಶಿಬಿರದ ಡಾಕ್ಟರು ಬೆಳಿಗ್ಗೆ ಸಾಲಿನ ಮುಂದೆ ನಿಂತು ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳುತ್ತಿದ್ದರು; ಹದಿನಾಲ್ಕು ದಿನವೂ ಒಂದು ಕೈಯೂ ಮೇಲೆದ್ದಿರಲಿಲ್ಲ. ಆದರೆ ನಡಿಗೆ ಶುರುವಾಗಿ ಮೂರನೆಯ ಕಿಲೋಮೀಟರ್ ಬಂದದ್ದೇ ಒಬ್ಬೊಬ್ಬರ ಬೂಟಿನ ಲೇಸ್ ಬಿಚ್ಚತೊಡಗುತ್ತಿತ್ತು. ನೋಯುವ ಕಾಲಿಗೆ ಕೂರಲು ಅದೊಂದೇ ನೆಪ. ಸೈಫನ ಲೇಸೂ ನಾಲ್ಕನೆಯ ಕಿಲೋಮೀಟರಿನ ಆಚೆ ನಿಂತದ್ದಿಲ್ಲ.

ಅವನು ಕೈಲಿದ್ದ ಸ್ಟೆತಸ್ಕೋಪನ್ನು ಕೆಳಗಿಟ್ಟ. ನೆಟ್ಟಗೆ ನಿಂತ.

“ಸುಬೇದಾರ್ ಸಾಬ್, ನಾಳೆ ಬೆಳಿಗ್ಗೆ ಹತ್ತು ಕಿಲೋಮೀಟರ್ ನಡಿಗೆ. ನಿಮ್ಮ ಲೇಸ್ ಎಲ್ಲಿ ಬಿಚ್ಚುತ್ತೆ?”

ರೇವಣಸಿದ್ದಪ್ಪ ಅವನನ್ನು ದಿಟ್ಟಿಸಿದರು. ಮೀಸೆಯ ಒಂದು ತುದಿ ಸ್ವಲ್ಪ ಮೇಲೆದ್ದಿತು. ಕಳ್ಳನಿಗೆ ಕಳ್ಳ ಸಿಕ್ಕಿದ್ದ.

“ಕಡಲದಂಡೆಯ ಕಾರ್ನಿಶ್ ರಸ್ತೆಯಲ್ಲಿ, ಮೊದಲನೇ ಬೆಂಚಿನ ಹತ್ತಿರ, ಸಾಬ್,” ಎಂದರು ಮೆಲ್ಲಗೆ. “ಎಡ ಮೊಣಕಾಲು. ಎರಡು ವರ್ಷ ಆಯಿತು. ಅಲ್ಲೇ ಕೂತು ದೋಣಿ ಎಣಿಸಿಕೊಂಡು ವಾಪಸ್ ಬರುತ್ತೀನಿ.”

ಸಾಕ್ಷಿಯ ಪೆನ್ನು ನಿಂತಿತು. ಎಪ್ಪತ್ತರ ಮಾವ ಸಮುದ್ರದ ದಂಡೆಯಲ್ಲಿ ದಿನಾ ಒಂದು ಗಂಟೆ ನಡೆಯುತ್ತಾರೆಂದು ಆಕೆ ಕಾಲೇಜಿನಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ಅವರನ್ನು ತೋರಿಸಿ ಗಂಡ ಗುರುನಾಥನ ಸೋಮಾರಿತನವನ್ನು ಹಂಗಿಸಿದ್ದಳು.

ಸೈಫ್ ಪಾಯಿಜಾಮ ಮಡಿಸಿ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದ. ಊತ ಇತ್ತು, ಬಿಸಿಯೂ ಇತ್ತು. ಬಗ್ಗಿಸಿದಾಗ ಒಳಗೆ ಕರಕರ. ಮೆಟ್ಟಿಲು ಹತ್ತುವಾಗ ಹೆಚ್ಚೋ, ಇಳಿಯುವಾಗಲೋ? ನಮಾಜಿಗೆ, ಅಲ್ಲ, ಪೂಜೆಗೆ ಕೂತರೆ ಏಳಲು ಎಷ್ಟು ಹೊತ್ತು? ಸುಬೇದಾರರು ಈಗ ತಡೆಯಿಲ್ಲದೆ ವರದಿ ಒಪ್ಪಿಸುತ್ತಿದ್ದರು.

ಸಾಕ್ಷಿಯ ಕೈಲಿದ್ದ ಅಂಕದ ಹಾಳೆ ಹೊಟ್ಟೆಯದು. ಅದರ ಪ್ರಕಾರ ಹುಡುಗನಿಗೆ ಸಿಗಬೇಕಾದದ್ದು ಸೊನ್ನೆ. ಆಕೆ ಅದನ್ನೊಮ್ಮೆ ನೋಡಿ, ಫೈಲಿನಿಂದ ಮೊಣಕಾಲಿನ ಹಾಳೆ ಎಳೆದು ಮೇಲಿಟ್ಟುಕೊಂಡಳು. ಎರಡರಲ್ಲೂ ಮೊದಲ ಪ್ರಶ್ನೆ ಒಂದೇ: ರೋಗಿ ಮನಸ್ಸು ಬಿಚ್ಚುವಂತೆ ಮಾತಾಡಿಸಿದನೆ? ಆಕೆ ಹಾಕಿದ ಗುರುತಿಗೆ ಹಾಳೆ ತೂತಾಯಿತು.

ಸಮಯ ಮುಗಿದ ಗಂಟೆ ಹೊಡೆಯಿತು. ರೇವಣಸಿದ್ದಪ್ಪ ಎದ್ದು ಕೂತರು. “ಹುಕುಂ, ಸಾಬ್?”

ವಿದ್ಯಾರ್ಥಿ ಹುಕುಂ ಕೊಡುವಂತಿಲ್ಲ. ಸೈಫ್ ಪರೀಕ್ಷಕಿಯ ಮುಖ ನೋಡಿದ. ಆಕೆ ತಲೆಯಾಡಿಸಿದಳು.

“ನಾಳೆ ಏಳು ಗಂಟೆಗೆ ಎಕ್ಸ್‌ರೇ. ಹಾಜರಿರಬೇಕು.”

“ಹಾಜರ್, ಸಾಬ್!”

ಎರಡು ಚಳಿಗಾಲದಿಂದ ಒಂದು ಚೆಕಪ್ಪಿಗೆ ಬನ್ನಿ ಎಂದು ಸಾಕ್ಷಿ ಗೋಗರೆಯುತ್ತಿದ್ದದ್ದೂ ಇದಕ್ಕೇ.

ಬರುವಾಗ ಪಾರ್ಕಿಂಗಿನಿಂದ ಎದೆ ಸೆಟೆಸಿ ಸರಸರನೆ ನಡೆದು ಬಂದಿದ್ದ ಮಾವ, ಹೋಗುವಾಗ ಸೊಸೆಯ ಭುಜಕ್ಕೆ ಕೈ ಹಾಕಿಕೊಂಡು, ರಜೆ ಮಂಜೂರಾದ ಸಿಪಾಯಿಯಂತೆ, ಧಾರಾಳವಾಗಿ ಕುಂಟುತ್ತ ಹೊರಟರು.