ಅರಳುವ ಮುಖ

“ನಗೋದು ನಿಲ್ಸು,” ತುಟಿ ಅಲುಗಿಸದೆ ಡೊನಲ್ ಗದರಿದ. “ಜನ ನೋಡ್ತಿದಾರೆ.”

ಒರ್ಲಾ ಥಟ್ಟನೆ ಬಾಯಿ ಬಿಗಿದಳು. ಅಣ್ಣ ತಂಗಿ ಇಬ್ಬರೂ ತೆರೆದ ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದರು. ಒಳಗೆ ಅಮ್ಮ, ನೀಲಿ ಕಾರ್ಡಿಗನ್ ತೊಟ್ಟು, ಬೆರಳುಗಳಿಗೆ ಜಪಮಾಲೆ ಸುತ್ತಿಕೊಂಡು. ಎನಿಸ್ ಊರಿನ ಅರ್ಧ ಜನ ಸಾಲಾಗಿ ಬಂದು, ಇಬ್ಬರ ಕೈಕುಲುಕಿ, “ಹೀಗಾಗಬಾರದಿತ್ತು” ಎಂದು ಮುಂದೆ ಸಾಗುತ್ತಿದ್ದರು.

ಮತ್ತೊಂದು ಕೈ ಮುಂದೆ ಬಂತು. ಒರ್ಲಾಳ ತಲೆ ತುಸು ವಾಲಿತು, ಕಣ್ಣು ಅಗಲವಾಯಿತು, ಹಲ್ಲು ಕಂಡಿತು. ವರ್ಷಗಟ್ಟಲೆ ಗಗನಸಖಿಯಾಗಿ ದುಡಿದ ಮುಖ ಅದು. ಯಾರಾದರೂ ಎದುರಿಗೆ ಬಂದು ನಿಂತರೆ ಸಾಕು, ಅವಳನ್ನು ಕೇಳದೆಯೇ ಅರಳುತ್ತಿತ್ತು. ಬೈದವರಿಗೂ ಅರಳಿತ್ತು, ಮೈಮೇಲೆ ವಾಂತಿ ಮಾಡಿದವರಿಗೂ.

“ಏನೇ ಒರ್ಲಾ,” ಪಕ್ಕದ ಮನೆಯ ಪೆಗ್ ಅಜ್ಜಿ ಹಿಡಿದ ಕೈ ಬಿಡದೆ ಅಂದಳು, “ಮದುವೆ ಮನೆ ಬಾಗಿಲಲ್ಲಿ ನಿಂತ ಹಾಗಿದೆಯಲ್ಲೇ! ನಿಮ್ಮಮ್ಮನಿಗೆ ಒಂದು ತೊಟ್ಟು ಕಣ್ಣೀರು ಹಾಕೇ, ಮಗಳೇ.”

“ಬರ್ತಿಲ್ಲ ಅಜ್ಜಿ,” ಎಂದಳು ಒರ್ಲಾ, ನಗುತ್ತಲೇ.

ಅಜ್ಜಿ ಅತ್ತ ಹೋದದ್ದೇ ಡೊನಲ್ ಮತ್ತೆ ಶುರು ಮಾಡಿದ. “ಊರವರಿಗೆಲ್ಲ ಹಲ್ಲು ಕಿರೀತೀಯ. ಮನೆಗೆ ಬಂದ್ರೆ ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ಅಮ್ಮ ಟೀ ಹಿಡ್ಕೊಂಡು ನಿನ್ ರೂಮಿನ ಹೊರಗೆ ನಿಂತಿರ್ತಿದ್ಲು, ಹುಡುಗಿ ಎರಡು ಮಾತಾಡ್ತಾಳೇನೋ ಅಂತ. ಒಂದ್ಸಲ ನಕ್ಕಿದೀಯಾ ಅವಳ ಹತ್ರ?”

ಇಲ್ಲ. ಮನೆ ಸೇರುವಷ್ಟರಲ್ಲಿ ಒಳಗೆ ಏನೂ ಉಳಿದಿರುತ್ತಿರಲಿಲ್ಲ. ಈಗ ಹಾಗೆಂದರೆ ನೆಪದಂತೆ ಕೇಳಿಸುತ್ತದೆ. ಒರ್ಲಾ ಕೆನ್ನೆಯ ಒಳಭಾಗವನ್ನು ಕಚ್ಚಿ ಹಿಡಿದಳು. ರಕ್ತದ ರುಚಿ ಬಂತು. ಇವತ್ತೊಂದು ದಿನ, ಅಮ್ಮನ ಮುಂದೆ, ತನ್ನದೇ ಆದ ಮುಖ ಇಟ್ಟುಕೊಂಡರೆ ಸಾಕಿತ್ತು.

ಮುಚ್ಚಳ ಹಾಕಿದರು. ಡೊನಲ್ ಮುಂದೆ ಹೆಗಲು ಕೊಟ್ಟ, ಹಿಂದೆ ನೆಂಟರು. ದಾರಿ ಬಿಡಲೆಂದು ಒರ್ಲಾ ಬಾಗಿಲ ಪಕ್ಕಕ್ಕೆ ಸರಿದಳು. ಪೆಟ್ಟಿಗೆ ಅವಳ ಎದುರಿಗೆ ಬಂದದ್ದೇ ತಡ, ತಲೆ ವಾಲಿತು, ಬಲಗೈ ಹೊರಗಿನತ್ತ ಚಾಚಿತು.

“ನಮ್ಮ ಜೊತೆ ಪ್ರಯಾಣ ಮಾಡಿದ್ದಕ್ಕೆ ಥ್ಯಾಂಕ್ಸ್,” ಎಂದಿತು ಅವಳ ಬಾಯಿ, ಸ್ಪಷ್ಟವಾಗಿ, ಇಂಪಾಗಿ. “ಮತ್ತೆ ಬನ್ನಿ.”

ಹೆಗಲ ಮೇಲೆ ಅಮ್ಮ ಇದ್ದುದರಿಂದ ಡೊನಲ್‌ಗೆ ತಿರುಗಿ ನೋಡಲಾಗಲಿಲ್ಲ. ಹಿಂದಿನಿಂದ ಕಾಣುತ್ತಿದ್ದ ಅವನ ಕಿವಿಗಳು ಮಾತ್ರ ನಿಧಾನವಾಗಿ ಕೆಂಪಾದವು.